ರಕ್ತ ಉಳಿಸುವ ಮದ್ದಿನ ಕಥೆ

ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಕ್ರಿಯೆ ನಮ್ಮ ಹಿರಿಯರಿಗೆ ಈಗ ಹೊಸ ಮಾತಲ್ಲ. ಆದರೆ ಊರಿನಿಂದ ಮಗನ ಮನೆಗೆ ಬಂದ ತಾಯಿಗೆ ಮಹಾನಗರದ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ನಿಶ್ಚಯವಾದರೆ, ಹಿಂದೆಲ್ಲ ಮೊದಲು ಏಳುತ್ತಿದ್ದ ಪ್ರಶ್ನೆ ರಕ್ತದ್ದು. ಬಂಧುಬಳಗವೆಲ್ಲ ಊರಿನಲ್ಲಿ, ಇಲ್ಲಿ ರಕ್ತ ಕೊಡುವವರು ಯಾರು? ಕನ್ನಡ ಸಂಘದ ಗೆಳೆಯರೇ ಗತಿ. ಈ ಚಿಂತೆಯನ್ನು ಬಹುಮಟ್ಟಿಗೆ ತಗ್ಗಿಸಿದ ಔಷಧಿ ಟ್ರಾನೆಕ್ಸಾಮಿಕ್ ಆಮ್ಲ.

ಇದರ ಮೂಲವಿರುವುದು ಜಪಾನಿನಲ್ಲಿ. 1918ರಲ್ಲಿ ಜನಿಸಿದ ಡಾ. ಉತಾಕೊ ಒಕಾಮೊಟೊ, ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಟೋಕಿಯೊದಲ್ಲಿ ಪತಿ ಶೊಸುಕೆಯವರೊಂದಿಗೆ ಸಂಶೋಧನೆಗೆ ತೊಡಗಿದರು. ಪ್ರಯೋಗಾಲಯದಲ್ಲಿ ಹಣವಿರಲಿಲ್ಲ. ರಕ್ತವನ್ನೇ ವಿಷಯವಾಗಿ ಆರಿಸಿಕೊಂಡಿದ್ದಕ್ಕೆ ಅವರು ಕೊಟ್ಟ ಕಾರಣ ಸ್ವಾರಸ್ಯವಾಗಿದೆ: ಸಾಲದೆ ಬಂದರೆ ತಮ್ಮ ಮೈಯ ರಕ್ತವನ್ನೇ ತೆಗೆದುಕೊಳ್ಳಬಹುದಲ್ಲ! ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸ ಮಾಡಿದ ಈ ವೈದ್ಯೆ ಮೊದಲ ಸಲ ವಿದ್ವತ್ಸಭೆಯಲ್ಲಿ ಪ್ರಬಂಧ ಮಂಡಿಸಿದಾಗ, ನೃತ್ಯ ಮಾಡಿ ತೋರಿಸುವಿರಾ ಎಂದು ಗಂಡಸರು ಗೇಲಿ ಮಾಡಿದರಂತೆ.

ಗಾಯವಾದಾಗ ರಕ್ತವು ಫೈಬ್ರಿನ್ ಎಂಬ ನಾರಿನ ಬಲೆ ನೇಯ್ದು ಹೆಪ್ಪುಗಟ್ಟುತ್ತದೆ. ಆ ಬಲೆಯನ್ನು ಕರಗಿಸುವ ಪ್ಲಾಸ್ಮಿನ್ ಎಂಬ ವಸ್ತುವೂ ನಮ್ಮ ದೇಹದಲ್ಲಿಯೇ ಹುಟ್ಟುತ್ತದೆ. ಪ್ಲಾಸ್ಮಿನ್ ಬಲೆಯನ್ನು ಹಿಡಿಯುವುದು ಅದರಲ್ಲಿರುವ ಲೈಸಿನ್ ಎಂಬ ಅಂಶದ ಮೂಲಕ. ಲೈಸಿನ್ನನ್ನೇ ಹೋಲುವ ವಸ್ತುವೊಂದು ಮೊದಲೇ ಹೋಗಿ ಆ ಹಿಡಿತದ ಜಾಗದಲ್ಲಿ ಕುಳಿತರೆ ಬಲೆ ಉಳಿಯುತ್ತದೆ. ಒಕಾಮೊಟೊ ದಂಪತಿಗಳು 1962ರಲ್ಲಿ ಪ್ರಕಟಿಸಿದ ಈ ಆಮ್ಲವು, ಅವರೇ ಅದಕ್ಕೆ ಮೊದಲು ಅಭ್ಯಸಿಸಿದ್ದ ಇನ್ನೊಂದು ವಸ್ತುವಿಗಿಂತ 27 ಪಟ್ಟು ಪ್ರಬಲವಾಗಿತ್ತು. ಹೊಸದಾಗಿ ಹೆಪ್ಪು ಕಟ್ಟಿಸುವುದು ಇದರ ಕೆಲಸವಲ್ಲ, ಕಟ್ಟಿದ್ದನ್ನು ಕಾಯುವುದು ಮಾತ್ರ.

ಉತಾಕೊ ಅವರ ಮನಸ್ಸಿನಲ್ಲಿದ್ದುದು ಹೆರಿಗೆಯ ನಂತರದ ರಕ್ತಸ್ರಾವದಿಂದ ಸಾಯುವ ಬಾಣಂತಿಯರು. ಅವರಲ್ಲಿ ಇದನ್ನು ಪರೀಕ್ಷಿಸಿರೆಂದು ಕೇಳಿಕೊಂಡರೂ ಅಲ್ಲಿಯ ಪ್ರಸೂತಿ ತಜ್ಞರು ಒಪ್ಪಲಿಲ್ಲ. ಮದ್ದು ಹಲ್ಲು ಕೀಳುವಾಗ, ಮುಟ್ಟಿನ ಸ್ರಾವ ಅತಿಯಾದಾಗ ಬಳಕೆಗೆ ಬಂತು, ಬಾಣಂತಿಯರು ಕಾಯಬೇಕಾಯಿತು.

ಮೊಣಕಾಲಿನ ಸರದಿ ಬಂದದ್ದು 1990ರ ದಶಕದಲ್ಲಿ, ಫಿನ್ಲೆಂಡ್ ಮತ್ತು ಸ್ವೀಡನ್ನುಗಳಲ್ಲಿ. ಈ ಶಸ್ತ್ರಕ್ರಿಯೆಯಲ್ಲಿ ತೊಡೆಗೆ ಬಿಗಿಪಟ್ಟಿ ಕಟ್ಟಿ ರಕ್ತವನ್ನು ತಡೆದಿರುತ್ತಾರೆ. ಪಟ್ಟಿ ಬಿಚ್ಚಿದೊಡನೆ ಕತ್ತರಿಸಿದ ಮೂಳೆಯ ರಂಧ್ರಗಳಿಂದ ರಕ್ತ ಜಿನುಗತೊಡಗುತ್ತದೆ. ರಕ್ತನಾಳಕ್ಕೆ ಹಾಕುವಂತೆ ಮೂಳೆಗೆ ಗಂಟು ಹಾಕಲಾದೀತೆ? ಮೇಲಾಗಿ ಹೆಪ್ಪು ಕರಗಿಸುವ ಕ್ರಿಯೆ ಚುರುಕಾಗುವುದೂ ಆಗಲೇ. ಸ್ವೀಡನ್ನಿನ ಮಾಲ್ಮೊದಲ್ಲಿ 86 ರೋಗಿಗಳ ಮೇಲೆ ನಡೆದ, 1996ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮದ್ದಿಲ್ಲದವರು ಸರಾಸರಿ 1410 ಮಿಲಿಲೀಟರ್ ರಕ್ತ ಕಳೆದುಕೊಂಡರೆ, ಮದ್ದು ಪಡೆದವರು ಕಳೆದುಕೊಂಡದ್ದು 730. ಸೂಜಿಮದ್ದಿನ ಒಂದೆರಡು ಸೀಸೆಗಳಿಂದ ಇಷ್ಟು! ಇಂದು ಇದನ್ನು ರಕ್ತನಾಳದ ಮೂಲಕವೂ, ಕೀಲಿನೊಳಕ್ಕೂ, ಬಾಯಿಯ ಮೂಲಕವೂ ಕೊಡುವುದುಂಟು. ಹಿಂದೆ ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ಹೆಪ್ಪು ಸಿಕ್ಕಿಕೊಂಡಿದ್ದವರು, ಮೂರ್ಛೆರೋಗ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರಿಗೆ ಅದನ್ನು ಮುಂಚಿತವಾಗಿ ತಿಳಿಸುವುದು ಅಗತ್ಯ.

ಬಾಣಂತಿಯರ ವಿಷಯಕ್ಕೆ ಬಂದರೆ, 21 ದೇಶಗಳ 20,060 ತಾಯಂದಿರ ಮೇಲಿನ ಪರೀಕ್ಷೆಯ ಫಲ ಹೊರಬಿದ್ದದ್ದು 2017ರಲ್ಲಿ. ಮೂರು ಗಂಟೆಯೊಳಗೆ ಮದ್ದು ಪಡೆದವರಲ್ಲಿ ರಕ್ತಸ್ರಾವದ ಸಾವು ಸುಮಾರು ಮೂರನೆಯ ಒಂದು ಭಾಗ ಇಳಿದಿತ್ತು. ಉತಾಕೊ ಅವರು ಅದಕ್ಕೊಂದು ವರ್ಷ ಮೊದಲೇ, 2016ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.