ಕಳಿಸಿದ್ದು ಬೇರೆ, ಮುಗಿದದ್ದು ಬೇರೆ: ಸೂಪರ್‌ಕಂಪ್ಯೂಟರ್‌ಗಳ ‘ಟಿಕ್’ ಕಥೆ

ಇವತ್ತಿನ ಎಪಿಸೋಡ್ ಶುರು ಮಾಡೋ ಮುಂಚೆ ನಿಮ್ಮ ವಾಟ್ಸ್‌ಆ್ಯಪ್ ಒಮ್ಮೆ ನೆನಪು ಮಾಡಿಕೊಳ್ಳಿ. ಮೆಸೇಜ್ ಕಳಿಸ್ತೀರಿ. ಒಂದು ಟಿಕ್ ಬಂದರೆ ನಿಮ್ಮ ಫೋನಿನಿಂದ ಹೊರಟಿದೆ. ಎರಡು ಬಂದರೆ ಆ ಕಡೆಯ ಫೋನಿಗೆ ತಲುಪಿದೆ. ನೀಲಿ ಆದರೆ ಓದಿದ್ದಾರೆ. ಒಂದೇ ಮೆಸೇಜಿಗೆ ಮೂರು ಥರದ ‘ಆಯ್ತು’. ಒಂದನ್ನು ಇನ್ನೊಂದು ಅಂದುಕೊಂಡರೆ ನಮ್ಮ ನಡುವೆ ಜಗಳ ಆಗುತ್ತೆ. ಸೂಪರ್‌ಕಂಪ್ಯೂಟರಿನಲ್ಲಿ ಲೆಕ್ಕ ತಪ್ಪುತ್ತೆ, ಅದೂ ಸದ್ದಿಲ್ಲದೆ.

ಇವತ್ತು ಆ ‘ಆಯ್ತು’ ಅನ್ನೋ ಮಾತಿನ ಚರಿತ್ರೆ ನೋಡೋಣ.

1983ಕ್ಕೆ ಹೋಗೋಣ. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಚಾರ್ಲ್ಸ್ ಸೈಟ್ಜ್ ಮತ್ತು ಜೆಫ್ರಿ ಫಾಕ್ಸ್ ಅವರ ತಂಡಗಳು ‘ಕಾಸ್ಮಿಕ್ ಕ್ಯೂಬ್’ ಅನ್ನೋ ಯಂತ್ರ ಕಟ್ಟಿದವು. ಒಳಗಿದ್ದದ್ದು 64 ಪುಟ್ಟ ಕಂಪ್ಯೂಟರ್‌ಗಳು. ಪ್ರತಿಯೊಂದರಲ್ಲೂ ಇಂಟೆಲ್ 8086 ಚಿಪ್, ಪ್ರತಿಯೊಂದಕ್ಕೂ ಅದರದೇ ಮೆಮೊರಿ. ಒಬ್ಬರ ಮೆಮೊರಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಏನಾದರೂ ಬೇಕಿದ್ದರೆ ಸಂದೇಶ ಕಳಿಸಿ ಕೇಳಬೇಕು.

ಇದು ಯಾಕೆ ಬೇಕು? ಹವಾಮಾನದ ಲೆಕ್ಕ ತಗೊಳ್ಳಿ. ನಕ್ಷೆಯನ್ನು 64 ತುಂಡು ಮಾಡಿ ಹಂಚಿದರೆ, ಪ್ರತಿ ತುಂಡಿನ ಅಂಚಿನಲ್ಲಿ ಗಾಳಿ ಹೇಗಿದೆ ಅಂತ ಪಕ್ಕದವರಿಗೆ ಪ್ರತಿ ಹೆಜ್ಜೆಯಲ್ಲೂ ಹೇಳಬೇಕು. ಆ ಸುದ್ದಿ ಬರೋ ತನಕ ಕೈಕಟ್ಟಿ ಕೂತರೆ ಸಮಯ ಹಾಳು. ಇದಕ್ಕೆ ‘ಬ್ಲಾಕಿಂಗ್’ ಅಂತಾರೆ. ಇನ್ನೂ ಕೆಟ್ಟ ಪರಿಸ್ಥಿತಿಯೂ ಇದೆ. ‘ನನ್ನದು ಅವನು ತಗೊಳ್ಳಲಿ, ಆಮೇಲೆ ಅವನದು ನಾನು ತಗೋತೀನಿ’ ಅಂತ ಇಬ್ಬರೂ ಕಾದರೆ ಯಾರೂ ಮುಂದೆ ಹೋಗಲ್ಲ. ಅದು ಡೆಡ್‌ಲಾಕ್.

ಹಾಗಾಗಿ ಕಾಸ್ಮಿಕ್ ಕ್ಯೂಬ್‌ನಲ್ಲೇ ಒಂದು ಉಪಾಯ ಇತ್ತು. ಸಂದೇಶ ಕಳಿಸೋಕೆ ಹೇಳಿ ನಿಮ್ಮ ಕೆಲಸಕ್ಕೆ ವಾಪಸ್ ಹೋಗಿ. ಜೊತೆಗೊಂದು ‘ಲಾಕ್’ ವೇರಿಯಬಲ್ ಇರುತ್ತೆ. ಬಾಕಿ ಇದೆಯಾ, ಮುಗಿಯಿತಾ ಅಂತ ಅದನ್ನು ನೋಡಿದರೆ ಗೊತ್ತಾಗುತ್ತೆ. ಇದೇ ‘ನಾನ್-ಬ್ಲಾಕಿಂಗ್’. ಮುಂದೆ ಇಂಟೆಲ್‌ನ ಐಪಿಎಸ್‌ಸಿ/2 ಯಂತ್ರದ ಎನ್‌ಎಕ್ಸ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಎರಡು ಹೆಸರು ಬಂತು. ‘ಎಂಎಸ್‌ಜಿ-ಡನ್’ ಅಂದರೆ ಮುಗಿಯಿತಾ ಅಂತ ಕೇಳೋದು, ‘ಎಂಎಸ್‌ಜಿ-ವೇಟ್’ ಅಂದರೆ ಮುಗಿಯೋ ತನಕ ನಿಲ್ಲೋದು.

ಎಲ್ಲರೂ ಇದೇ ದಾರಿ ಹಿಡಿಯಲಿಲ್ಲ. ಬ್ರಿಟನ್ನಿನ ಇನ್ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್ ಚಿಪ್ ಮತ್ತು ಅದರ ಆಕಮ್ ಭಾಷೆಯಲ್ಲಿ ಕೊಡುವವನೂ ಪಡೆಯುವವನೂ ಇಬ್ಬರೂ ಸಿದ್ಧರಾದಾಗ ಮಾತ್ರ ಸಂದೇಶ ದಾಟುತ್ತಿತ್ತು. ಅದು ಫೋನ್ ಕಾಲ್ ಇದ್ದಂತೆ, ಆ ಕಡೆಯವರು ಎತ್ತಲೇಬೇಕು. ಪುಣೆಯ ಸಿ-ಡ್ಯಾಕ್ 1991ರಲ್ಲಿ ತಂದ ನಮ್ಮ ‘ಪರಮ್ 8000’ ನಿಂತಿದ್ದು ಈ ಟ್ರಾನ್ಸ್‌ಪ್ಯೂಟರ್‌ಗಳ ಮೇಲೆಯೇ. ಅದಕ್ಕೂ ಮೊದಲು, 1986ರಲ್ಲಿ, ಬೆಂಗಳೂರಿನ ಎನ್‌ಎಎಲ್ ಗಾಳಿಯ ಹರಿವನ್ನು ಲೆಕ್ಕ ಹಾಕೋಕೆ ‘ಫ್ಲೋಸಾಲ್ವರ್’ ಅನ್ನೋ ಪ್ಯಾರಲಲ್ ಕಂಪ್ಯೂಟರ್ ಕಟ್ಟಿತ್ತು.

90ರ ದಶಕದ ಹೊತ್ತಿಗೆ ಒಬ್ಬೊಬ್ಬ ತಯಾರಕನದೂ ಒಂದೊಂದು ಭಾಷೆ. ಯಂತ್ರ ಬದಲಾದರೆ ಪ್ರೋಗ್ರಾಂ ಮತ್ತೆ ಬರೆಯಬೇಕು. 1992ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ತಜ್ಞರು ಸೇರಿದರು. 1993ರಲ್ಲಿ ಆರು ವಾರಕ್ಕೊಮ್ಮೆ ಸಭೆ ನಡೆಯಿತು. ಸುಮಾರು 40 ಸಂಸ್ಥೆಗಳ 60ರಷ್ಟು ಜನ ಪಾಲ್ಗೊಂಡರು. 1994ರ ಮೇ ತಿಂಗಳಲ್ಲಿ ‘ಎಂಪಿಐ’ ಮಾನದಂಡದ ಮೊದಲ ಆವೃತ್ತಿ ಬಂತು.

ಎಂಪಿಐನಲ್ಲಿ ನಾನ್-ಬ್ಲಾಕಿಂಗ್ ಸಂದೇಶಕ್ಕೆ ಎರಡು ಭಾಗ. ‘ಐಸೆಂಡ್’ ಅಂದರೆ ಶುರು ಮಾಡು. ಕೂಡಲೇ ಕೈಗೆ ‘ರಿಕ್ವೆಸ್ಟ್’ ಅನ್ನೋ ಟೋಕನ್ ಸಿಗುತ್ತೆ. ಮುಗಿದದ್ದನ್ನು ತಿಳಿಯೋಕೆ ಆ ಟೋಕನ್ ತೋರಿಸಬೇಕು. ‘ವೇಟ್’ ಮುಗಿಯೋ ತನಕ ನಿಲ್ಲಿಸುತ್ತೆ. ‘ಟೆಸ್ಟ್’ ನಿಲ್ಲಿಸಲ್ಲ, ಹೌದು ಅಥವಾ ಇಲ್ಲ ಅಂತ ಹೇಳಿ ಬಿಟ್ಟುಬಿಡುತ್ತೆ. ಇಲ್ಲ ಅಂದರೆ ಬೇರೆ ಕೆಲಸ ಮಾಡಿ ಮತ್ತೆ ಕೇಳಬಹುದು.

ಎಡವೋದು ಇಲ್ಲೇ. ಕೊರಿಯರ್‌ನವರಿಗೆ ಹೇಳಿದ್ದೀರಿ, ಪತ್ರ ಇನ್ನೂ ನಿಮ್ಮ ಮೇಜಿನ ಮೇಲಿದೆ. ಅಷ್ಟರಲ್ಲಿ ಅದೇ ಹಾಳೆ ಮೇಲೆ ಬೇರೆ ಗೀಚಿದರೆ ಹೋಗೋದು ಯಾವ ಪತ್ರ? ಐಸೆಂಡ್ ವಾಪಸ್ ಬಂದ ಮಾತ್ರಕ್ಕೆ ಬಫರ್ ನಿಮ್ಮದಲ್ಲ. ಟೆಸ್ಟ್ ‘ಹೌದು’ ಅಂದ ಮೇಲೆ ಅಥವಾ ವೇಟ್ ಬಿಟ್ಟ ಮೇಲೆ ಮಾತ್ರ ಅದನ್ನು ಮುಟ್ಟಬಹುದು. ಪಡೆಯುವ ಕಡೆಯೂ ಹಾಗೇ. ಮುಗಿಯೋ ಮೊದಲೇ ಓದಿದರೆ ಹಳೇ ಅಂಕಿಯೇ ಸಿಗಬಹುದು. ಪ್ರೋಗ್ರಾಂ ಓಡುತ್ತೆ, ಎರರ್ ಬರಲ್ಲ, ಉತ್ತರ ಮಾತ್ರ ತಪ್ಪು.

ಇನ್ನೊಂದು ಸೂಕ್ಷ್ಮ. ಐಸೆಂಡ್ ಮುಗಿದಿದೆ ಅಂದರೆ ಆ ಕಡೆಯವನಿಗೆ ಸಿಕ್ಕಿದೆ ಅಂತಲ್ಲ, ನಿಮ್ಮ ಬಫರ್ ಖಾಲಿ ಆಗಿದೆ ಅಂತ ಅಷ್ಟೇ. ಅದು ಒಂಟಿ ಟಿಕ್ ಇದ್ದಂತೆ. ಆ ಕಡೆಯವನು ತಗೊಳ್ಳೋಕೆ ಶುರು ಮಾಡಿದ್ದಾನಾ ಅಂತ ತಿಳಿಯಬೇಕಿದ್ದರೆ ‘ಐಎಸ್‌ಸೆಂಡ್’ ಅನ್ನೋ ಬೇರೆ ಕರೆ ಇದೆ. ನೀಲಿ ಟಿಕ್ ಎಂಪಿಐನಲ್ಲಿ ಇಲ್ಲ. ಓದಿ ಬಳಸಿಕೊಂಡನಾ ಅಂತ ಗೊತ್ತಾಗಬೇಕಿದ್ದರೆ ಅವನೇ ಉತ್ತರ ಬರೆಯಬೇಕು.

ಟೆಸ್ಟ್ ಬರೀ ವಿಚಾರಿಸೋದೂ ಅಲ್ಲ. ಎಷ್ಟೋ ವ್ಯವಸ್ಥೆಗಳಲ್ಲಿ ದೊಡ್ಡ ಸಂದೇಶ ಹಿನ್ನೆಲೆಯಲ್ಲಿ ತಾನಾಗಿ ಸಾಗಲ್ಲ. ಪ್ರೋಗ್ರಾಂ ಎಂಪಿಐ ಕಡೆ ತಿರುಗಿದಾಗ ಮಾತ್ರ ಒಂದಿಷ್ಟು ಮುಂದೆ ಹೋಗುತ್ತೆ. ಹಾಗಾಗಿ ಆಗಾಗ ‘ಆಯ್ತಾ?’ ಅಂತ ಕೇಳಿದರೇನೇ ಕೆಲಸ ಸಾಗೋದು. ಸರ್ಕಾರಿ ಕಚೇರಿಯ ಫೈಲ್ ನೆನಪಾದರೆ ತಪ್ಪಿಲ್ಲ. ಆದರೆ ಮಾತು ಮಾತಿಗೂ ಕೇಳುತ್ತಿದ್ದರೆ ನಿಮ್ಮ ಲೆಕ್ಕವೇ ನಿಂತುಹೋಗುತ್ತೆ.

2022ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಬಂತು. ಫ್ಲೋಸಾಲ್ವರ್ ಎಲ್ಲಿ, ಇದೆಲ್ಲಿ! ಇಂಥ ಯಂತ್ರಗಳಿಗೆ ಬರೆಯೋ ಹುಡುಗ ಹುಡುಗಿಯರು ಇಂದಿಗೂ ಮೊದಲು ಕಲಿಯೋ ಪಾಠಗಳಲ್ಲಿ ಇದೂ ಒಂದು: ಕಳಿಸಿದ ಮೇಲೆ, ಮುಗಿಯಿತಾ ಅಂತ ಕೇಳಿ. ಮುಗಿಯಿತು ಅಂದರೆ, ಏನು ಮುಗಿಯಿತು ಅಂತಲೂ ತಿಳಿದುಕೊಳ್ಳಿ.