ಮೊಹರು ನಿಜ, ಕಾಗದ ಸುಳ್ಳು

ಕಳೆದ ದಸರಾ ರಜೆಯಲ್ಲಿ ನನ್ನ ತಂಗಿಯ ಮಗಳು ಶಾಲೆಯ ಪ್ರಾಜೆಕ್ಟೊಂದನ್ನು ಹಿಡಿದು ಮನೆಗೆ ಬಂದಿದ್ದಳು. ಒಂಬತ್ತನೇ ತರಗತಿಯ ಹುಡುಗಿ. ವಿಷಯ, ಬೀದರಿನ ಮಹಮೂದ್ ಗವಾನ್. ದುಂಡನೆಯ ಅಕ್ಷರದ ಎರಡು ಪುಟ, ನೆತ್ತಿಯ ಮೇಲೆ ಮದ್ರಸದ ಬಣ್ಣದ ಚಿತ್ರ. ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ. ಆದರೆ ಮೊದಲ ಪುಟದಲ್ಲಿ ಗವಾನ್ 1411ರಲ್ಲಿ ಹುಟ್ಟಿದ್ದ; ಎರಡನೆಯ ಪುಟದಲ್ಲಿ 1481ರಲ್ಲಿ, ತನ್ನ 78ನೇ ವಯಸ್ಸಿನಲ್ಲಿ, ಕೊಲೆಯಾಗಿದ್ದ.

"ಇದು ಹೇಗೆ ಬೇಟಿ?" ಎಂದೆ.

"ಎರಡೂ ಇದೆ ಮಾಮು" ಎಂದಳು.

"ಎಲ್ಲಿದೆ? ಯಾರು ಹೇಳಿದ್ದು?"

"ಗೂಗಲ್."

ಈ ಕಾಲದ ಮಕ್ಕಳು ಕೆಟ್ಟರು ಎಂದು ಬರೆಯಲು ನಾನು ಕೂತಿಲ್ಲ. ನಾನು ಕಲಿತ ಉರ್ದು ಪ್ರಾಥಮಿಕ ಶಾಲೆಯಲ್ಲಿ ಎರಡು ಪಾಠಗಳಿದ್ದವು. ಉಸ್ತಾದರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ಇಮ್ಲಾ. ಸ್ವಂತವಾಗಿ ಬರೆಯುವುದು ಇನ್ಶಾ. ಇಮ್ಲಾದಲ್ಲಿ ಪೆಟ್ಟು ತಿಂದು ಕಲಿತೆವು. ಇನ್ಶಾ ಎಂಬುದು ಮಾತ್ರ ಹೆಸರಿಗಷ್ಟೇ. 'ರೈಲು ಪ್ರಯಾಣ' ಎಂಬ ಪ್ರಬಂಧವನ್ನು ನಾನು ರೈಲಿನ ಮುಖ ನೋಡುವ ಮೊದಲೇ ಮೂರು ಸಲ ಬರೆದು ಪೂರ್ಣ ಅಂಕ ಪಡೆದಿದ್ದೆ. ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದಾಗ ಗೈಡು ಸಿಕ್ಕಿತು. ತರಗತಿಯ ನಲವತ್ತು ಮಂದಿಯೂ ಒಂದೇ ಗೈಡಿನಿಂದ ಒಂದೇ ಪ್ರಬಂಧ ಇಳಿಸುತ್ತಿದ್ದೆವು. ನಕಲು ಮಾಡುವುದನ್ನು ಮೊಬೈಲು ಕಲಿಸಿತು ಎನ್ನುವವರು ತಮ್ಮ ಹಳೆಯ ನೋಟ್ಸುಗಳನ್ನು ಒಮ್ಮೆ ತೆರೆದು ನೋಡಬೇಕು. ಬದಲಾದದ್ದು ಬೇರೆಯೇ ಇದೆ. ಗೈಡಿನ ಮೇಲೆ ಬರೆದವನ ಹೆಸರಾದರೂ ಇರುತ್ತಿತ್ತು. ಹುಡುಗಿ ಹೇಳಿದ "ಗೂಗಲ್" ಎಂಬ ಉತ್ತರದಲ್ಲಿ ಹೇಳಿದವನೇ ಇಲ್ಲ. ಕಾಗದ ಬಂದಿದೆ, ತಂದವನಿಗೆ ಮುಖವಿಲ್ಲ.

ಆಕೆಗೆ ಸಿಕ್ಕ ವಿಷಯ ಎಂಥದೆಂದು ಅವಳಿಗೂ ಗೊತ್ತಿರಲಿಲ್ಲ, ಕೊಟ್ಟ ಉಪಾಧ್ಯಾಯರಿಗೂ ಬಹುಶಃ ಗೊತ್ತಿರಲಿಲ್ಲ. ಇರಾನಿನ ಗೀಲಾನ್ ಸೀಮೆಯ ಈ ವ್ಯಾಪಾರಿ 1453ರ ಸುಮಾರಿಗೆ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದ. ಬಹಮನಿ ಸುಲ್ತಾನರ ಸೇವೆಗೆ ಸೇರಿದ, ಮುಂದೆ ವಜೀರನಾದ. 1472ರಲ್ಲಿ ಗೋವೆಯನ್ನು ವಿಜಯನಗರದಿಂದ ಗೆದ್ದುಕೊಟ್ಟ. ಪಠ್ಯಪುಸ್ತಕಗಳು ಇಷ್ಟು ಹೇಳಿ, ಮದ್ರಸ ಕಟ್ಟಿಸಿದ ಎಂಬ ಒಂದು ವಾಕ್ಯ ಸೇರಿಸಿ ಮುಂದೆ ಹೋಗುತ್ತವೆ. ಆತ ಬರವಣಿಗೆಯ ಮೇಷ್ಟ್ರಾಗಿದ್ದ ಎಂಬುದನ್ನು ಹೇಳುವುದಿಲ್ಲ. 'ಮನಾಜಿರುಲ್ ಇನ್ಶಾ' ಎಂಬ ಆತನ ಪಾರಸಿ ಗ್ರಂಥ ಪತ್ರ ಬರೆಯುವುದನ್ನು ಕಲಿಸುವ ಕೈಪಿಡಿ: ಮೇಲಿನವರಿಗೆ ಹೇಗೆ, ಸರೀಕರಿಗೆ ಹೇಗೆ, ಕಿರಿಯರಿಗೆ ಹೇಗೆ ಬರೆಯಬೇಕು, ಯಾವ ಮಾತಿಗೆ ಯಾವ ತೂಕ. ಆತನ ಪತ್ರಗಳ ಸಂಕಲನ 'ರಿಯಾಜುಲ್ ಇನ್ಶಾ'. ಹೆರಾತಿನ ಕವಿ ಜಾಮಿಗೆ, ಉಸ್ಮಾನಿ ಸುಲ್ತಾನನಿಗೆ, ತನ್ನ ಮಕ್ಕಳಿಗೆ ಬರೆದ ಪತ್ರಗಳು ಅದರಲ್ಲಿವೆ. ನಾಲ್ಕೂವರೆ ಶತಮಾನ ಹಸ್ತಪ್ರತಿಯಾಗಿಯೇ ಉಳಿದಿದ್ದ ಅದು 1948ರಲ್ಲಿ ಹೈದರಾಬಾದಿನಲ್ಲಿ ಅಚ್ಚಾಯಿತು.

ಮದ್ರಸವನ್ನು ಬೀದರಿಗೆ ಹೋದವರೆಲ್ಲ ನೋಡಿರುತ್ತೀರಿ. ಮೂರಂತಸ್ತು, ಇರಾನಿನ ರೀತಿಯ ಬಣ್ಣದ ಹೆಂಚಿನ ಕೆಲಸ, ಮುಂಭಾಗದಲ್ಲಿ ಎರಡು ಮಿನಾರುಗಳು. ಈಗ ಉಳಿದಿರುವುದು ಒಂದೇ. ಔರಂಗಜೇಬನ ಕಾಲದಲ್ಲಿ ಅಲ್ಲಿ ಕೂಡಿಟ್ಟಿದ್ದ ಸಿಡಿಮದ್ದು 1696ರಲ್ಲಿ ಸಿಡಿದು ಇನ್ನೊಂದು ಮಿನಾರು ಬಿತ್ತು. ಓದುವ ಜಾಗದಲ್ಲಿ ಮದ್ದಿನ ಮೂಟೆ ಪೇರಿಸಿದರೆ ಇನ್ನೇನಾದೀತು! ಅದಿರಲಿ. ಗವಾನನ ಗ್ರಂಥಭಂಡಾರದಲ್ಲಿ ಮೂರು ಸಾವಿರ ಪುಸ್ತಕಗಳಿದ್ದವೆಂದು ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ.

ಪತ್ರ ಬರೆಯಲು ಜನರಿಗೆ ಕಲಿಸಿದ ಈ ಮನುಷ್ಯ ಸತ್ತದ್ದು ತಾನು ಬರೆಯದ ಒಂದು ಪತ್ರದಿಂದ. ಬಹಮನಿ ದರಬಾರಿನಲ್ಲಿ ದಖ್ಖನಿಗಳಿಗೂ ಹೊರಗಿನಿಂದ ಬಂದ ಆಫಾಕಿಗಳಿಗೂ ಹಗೆ ಹಳೆಯದು. ಗವಾನ್ ಎರಡು ಬಣಕ್ಕೂ ಸಮನಾಗಿ ಹುದ್ದೆ ಹಂಚಿದ, ಪ್ರಾಂತಾಧಿಪತಿಗಳ ಕೈಯಿಂದ ಕೋಟೆಗಳನ್ನು ಕಿತ್ತುಕೊಂಡ. ಹೀಗಾಗಿ ವೈರಿಗಳು ಹೆಚ್ಚಿದರು. ಫೆರಿಶ್ತಾ ಹೇಳುವ ಪ್ರಕಾರ ಅವರು ಗವಾನನ ಮೊಹರು ಕಾಯುವವನಿಗೆ ಕುಡಿಸಿ, ಖಾಲಿ ಕಾಗದವೊಂದರ ಮೇಲೆ ಮೊಹರು ಒತ್ತಿಸಿಕೊಂಡರು. ಆಮೇಲೆ ಆ ಖಾಲಿ ಜಾಗದಲ್ಲಿ, ಒಡಿಶಾದ ರಾಜನನ್ನು ದಂಡೆತ್ತಿ ಬರುವಂತೆ ಕರೆಯುವ ಪತ್ರವೊಂದನ್ನು ಬರೆದು, ಹಾದಿಯಲ್ಲಿ ಸಿಕ್ಕಿತೆಂದು ಸುಲ್ತಾನ ಮೂರನೇ ಮುಹಮ್ಮದನಿಗೆ ತೋರಿಸಿದರು. ಸುಲ್ತಾನ ಆಗ ಕೊಂಡಪಲ್ಲಿಯ ಪಾಳೆಯದಲ್ಲಿದ್ದ, ಕುಡಿದಿದ್ದ. ಗವಾನನನ್ನು ಕರೆಸಿ ಕಾಗದ ತೋರಿಸಿದ. ಮೊಹರು ನನ್ನದೇ, ಬರಹ ನನ್ನದಲ್ಲ ಎಂದು ಗವಾನ್ ಹೇಳಿದ. 1481ರ ಏಪ್ರಿಲ್ 5ರಂದು ಅಲ್ಲೇ ಆತನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ಸತ್ತ. ಮುಂದೆ ರಾಜ್ಯ ಐದು ಹೋಳಾಯಿತು.

ಕತೆಗಾರನಾಗಿ ನನ್ನನ್ನು ಕಾಡುವುದು ಆ ಪಾಳೆಯದ ಕೆಲವು ನಿಮಿಷಗಳು. ಸುಲ್ತಾನನ ಮುಂದೆ ಮೂರು ಪ್ರಶ್ನೆಗಳಿದ್ದವು. ಈ ಕಾಗದ ತಂದವರು ಯಾರು, ಅವರಿಗೂ ವಜೀರನಿಗೂ ಏನು ಸಂಬಂಧ? ಇದನ್ನು ಒಯ್ಯುತ್ತಿದ್ದವನು ಎಲ್ಲಿ? ಗವಾನನ ನೂರಾರು ಪತ್ರಗಳು ಕಚೇರಿಯಲ್ಲೇ ಇರುವಾಗ, ಅವುಗಳ ಪಕ್ಕದಲ್ಲಿಟ್ಟರೆ ಈ ಶೈಲಿ ಹೊಂದುತ್ತದೆಯೇ? ಒಂಬತ್ತನೇ ತರಗತಿಯ ಹುಡುಗಿಗೂ ಅರ್ಥವಾಗುವ ಪ್ರಶ್ನೆಗಳು. ಸುಲ್ತಾನ ಮೊಹರನ್ನಷ್ಟೇ ನೋಡಿದ.

ಇದೇ ಪ್ರಶ್ನೆಯನ್ನು ನಾವು ಫೆರಿಶ್ತಾನಿಗೂ ಕೇಳಬೇಕಾಗುತ್ತದೆ. ಆತ ಬಿಜಾಪುರದಲ್ಲಿ ಕುಳಿತು ಬರೆದದ್ದು ಈ ಕೊಲೆಯಾಗಿ ನೂರಿಪ್ಪತ್ತು ವರ್ಷಗಳ ಮೇಲೆ. ನಿನಗೆ ಹೇಳಿದವರು ಯಾರು ಎಂದರೆ, ಗವಾನನ ಆಶ್ರಯದಲ್ಲಿದ್ದ ಮುಲ್ಲಾ ಅಬ್ದುಲ್ ಕರೀಮನ ಬರಹವನ್ನು ಆತ ತೋರಿಸುತ್ತಾನೆ. ಅಂದರೆ ಸುದ್ದಿ ಗವಾನನ ಕಡೆಯವರದು. ಅದನ್ನು ಅಷ್ಟರಮಟ್ಟಿಗೆ ತೂಗಿ ಓದಬೇಕು. ಹಾರೂನ್ ಖಾನ್ ಶೇರ್ವಾನಿ 1942ರಲ್ಲಿ ಗವಾನನ ಮೇಲೆ ಬರೆದ ಇಂಗ್ಲಿಷ್ ಪುಸ್ತಕ ಈ ಬಗೆಯ ತೂಗಾಟದಿಂದಲೇ ಬೆಳೆದದ್ದು.

ಬೀದರಿನ ಹೆಸರು ಎತ್ತಿದಾಗ 2018ರ ಜುಲೈ 13 ನೆನಪಾಗದೆ ಇರದು. ಅದೇ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ, ಹೈದರಾಬಾದಿನಿಂದ ಗೆಳೆಯರೊಂದಿಗೆ ಬಂದಿದ್ದ ಯುವ ಎಂಜಿನಿಯರನೊಬ್ಬನನ್ನು ಜನ ಹೊಡೆದು ಕೊಂದರು. ಶಾಲೆಯ ಮಕ್ಕಳಿಗೆ ಚಾಕೊಲೇಟು ಹಂಚಿದ್ದು ಅವರ ತಪ್ಪು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಅವರ ಕಾರಿಗಿಂತ ಮೊದಲೇ ವಾಟ್ಸಾಪಿನಲ್ಲಿ ಮುಂದಿನ ಊರು ಮುಟ್ಟಿತ್ತು. ಆ ತಿಂಗಳುಗಳಲ್ಲಿ ದೇಶದ ತುಂಬ ಹರಿದಾಡಿದ ಒಂದು ವೀಡಿಯೊ ಇತ್ತು: ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವಿಗಾಗಿ ತೆಗೆದ ಚಿತ್ರ. ಮೂಲದಲ್ಲಿ ಅವರು ತಿರುಗಿ ಬಂದು ಮಗುವನ್ನು ಇಳಿಸಿ ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಭಾಗವನ್ನು ಯಾರೋ ಕತ್ತರಿಸಿದ್ದರು. ಚಿತ್ರ ನಿಜವಾದದ್ದೇ. ಗವಾನನ ಮೊಹರೂ ನಿಜವಾದದ್ದೇ ಆಗಿತ್ತು.

ನಮ್ಮ ಹಿರಿಯರಿಗೆ ಈ ರೋಗ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಸುದ್ದಿ ತಂದವನನ್ನು ನೋಡಿ ಪರಿಶೀಲಿಸಬೇಕೆಂಬುದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಆದೇಶ. ಪ್ರವಾದಿ(ಸ)ಯವರ ಹೆಸರಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದಾದ ಅಪಾಯ ಎದುರಾದಾಗ ಹದೀಸ್ ವಿದ್ವಾಂಸರು ಇಸ್ನಾದ್ ಎಂಬ ಶಿಸ್ತನ್ನು ಕಟ್ಟಿದರು. ಮಾತಿನ ಮುಂದೆ ಹೇಳಿದವರ ಸರಪಳಿ ಬರಬೇಕು: ಇಂಥವರು ಇಂಥವರಿಂದ ಕೇಳಿದರು, ಅವರು ಇಂಥವರಿಂದ. ಪ್ರತಿಯೊಬ್ಬನ ನೆನಪು, ನಡತೆ, ಆತ ಬದುಕಿದ ಕಾಲ, ಯಾರನ್ನು ನಿಜವಾಗಿ ಭೇಟಿಯಾಗಿದ್ದ ಎಂಬುದನ್ನೆಲ್ಲ ದಾಖಲಿಸುವ ಇಲ್ಮುರ್ರಿಜಾಲ್ ಎಂಬ ಶಾಸ್ತ್ರವೇ ಬೆಳೆಯಿತು. ಇದನ್ನು ಕಲಿಯುತ್ತಿದ್ದವರಲ್ಲಿ ಮೀಸೆ ಮೂಡದ ಹುಡುಗರೂ ಇದ್ದರು. ಇಮಾಮ್ ಬುಖಾರಿ ಹದೀಸ್ ಕಲಿಯತೊಡಗಿದ್ದು ಹತ್ತರ ಆಸುಪಾಸಿನಲ್ಲಿ. ಆ ಕಾಲದ ಮದ್ರಸಗಳಲ್ಲಿ ಪುಸ್ತಕವನ್ನು ಪ್ರತಿ ಮಾಡಿಕೊಂಡರೆ ಮುಗಿಯುತ್ತಿರಲಿಲ್ಲ. ಮಾಡಿದ ಪ್ರತಿಯನ್ನು ಗುರುವಿನ ಮುಂದೆ ಗಟ್ಟಿಯಾಗಿ ಓದಬೇಕು, ಗುರು ತಿದ್ದಬೇಕು, ಆಮೇಲೆ ಮಾತ್ರ ಅದನ್ನು ಬೇರೆಯವರಿಗೆ ಕಲಿಸುವ ಇಜಾಜತ್. ನಕಲು ಮಾಡುವುದೂ ಒಂದು ವಿದ್ಯೆಯಾಗಿತ್ತು. ಏಕೆಂದರೆ ನಕಲು ಮಾಡಿದವನು ಅದಕ್ಕೆ ಉತ್ತರ ಹೇಳಬೇಕಾಗಿತ್ತು.

ಹೇಳಿದವನು ಒಳ್ಳೆಯವನಾದರೆ ಸಾಲದು ಎಂದು ಇನ್ನೊಂದು ಹೆಜ್ಜೆ ಮುಂದಿಟ್ಟವರು ಇಬ್ನ್ ಖಲ್ದೂನ್. 1377ರಲ್ಲಿ ಬರೆದ 'ಮುಕದ್ದಿಮಾ'ದಲ್ಲಿ ಅವರು ಮಸ್‌ಊದಿಯಂಥ ದೊಡ್ಡ ಇತಿಹಾಸಕಾರನನ್ನೇ ಹಿಡಿದು ನಿಲ್ಲಿಸುತ್ತಾರೆ. ಮೂಸಾ(ಅ)ರ ಸೈನ್ಯದಲ್ಲಿ ಆರು ಲಕ್ಷ ಮಂದಿ ಇದ್ದರಂತೆ. ಅಷ್ಟು ಜನ ಒಂದು ಮೈದಾನದಲ್ಲಿ ಸಾಲಾಗಿ ನಿಂತರೆ ಈ ಕೊನೆಯವನಿಗೆ ಆ ಕೊನೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದುಂಟೇ? ಹಾಗಾಗಲು ಸಾಧ್ಯವೇ ಎಂಬುದು ಅವರ ಪ್ರಶ್ನೆ.

ಇವೆರಡು ಪ್ರಶ್ನೆಗಳು ಎಷ್ಟು ಹಳೆಯವೋ ಅಷ್ಟೇ ಹೊಸವು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2012ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ಕೇಳಿದಾಗ ಶೇಕಡಾ 77 ಮಂದಿ, ಮಕ್ಕಳ ಸಂಶೋಧನೆಗೆ ಅಂತರ್ಜಾಲದಿಂದ ಒಟ್ಟಾರೆ ಒಳ್ಳೆಯದೇ ಆಗಿದೆ ಎಂದರು. ಅದೇ ಶಿಕ್ಷಕರಲ್ಲಿ ಶೇಕಡಾ 87 ಮಂದಿ, ಗಮನ ನಿಲ್ಲದ ಪೀಳಿಗೆಯೊಂದು ತಯಾರಾಗುತ್ತಿದೆ ಎಂದೂ ಹೇಳಿದರು. ಎರಡೂ ಮಾತು ಒಂದೇ ಬಾಯಿಂದ ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ, ನಾನೂ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುತ್ತೇನೆ. ಇದಕ್ಕಿಂತ ಮುಖ್ಯವಾದದ್ದು 2017ರಲ್ಲಿ ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಪ್ರಕಟಿಸಿದ ಅಧ್ಯಯನ. ಹತ್ತು ಮಂದಿ ಇತಿಹಾಸಕಾರರು, ಹತ್ತು ಮಂದಿ ಸುದ್ದಿಯ ಸತ್ಯಶೋಧಕರು, 25 ಮಂದಿ ವಿದ್ಯಾರ್ಥಿಗಳ ಮುಂದೆ ಕೆಲವು ಜಾಲತಾಣಗಳನ್ನಿಟ್ಟು ಯಾವುದು ನಂಬಲರ್ಹ ಎಂದು ಕೇಳಿದರು. ಡಾಕ್ಟರೇಟ್ ಪಡೆದ ಇತಿಹಾಸಕಾರರೂ ಹಲವರು ಎಡವಿದರು! ಅವರೂ ವಿದ್ಯಾರ್ಥಿಗಳೂ ಪುಟವನ್ನು ಮೇಲಿನಿಂದ ಕೆಳಗೆ ಶ್ರದ್ಧೆಯಿಂದ ಓದಿದರು. ಲಾಂಛನ, ಅಚ್ಚುಕಟ್ಟು, ಗಂಭೀರ ಹೆಸರು ನೋಡಿ ಮೋಸಹೋದರು. ಸತ್ಯಶೋಧಕರು ಪುಟವನ್ನು ಪೂರ್ತಿ ಓದುವ ಗೋಜಿಗೇ ಹೋಗಲಿಲ್ಲ. ಇದನ್ನು ನಡೆಸುವವರು ಯಾರು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹೊರಗೆ ಹೋಗಿ ವಿಚಾರಿಸಿ ಬಂದರು. ಮುಹದ್ದಿಸರು ಮಾಡುತ್ತಿದ್ದದ್ದೂ ಇದನ್ನೇ: ಮಾತಿಗಿಂತ ಮೊದಲು ಮಾತು ತಂದವನು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಖಾಲಿ ಕಾಗದ ತುಂಬುವುದು ಇನ್ನೂ ಸುಲಭವಾಯಿತು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಇಲ್ಲದ ಮೊಕದ್ದಮೆಗಳನ್ನು ಆಧಾರವಾಗಿ ಕೊಟ್ಟು 5,000 ಡಾಲರ್ ದಂಡ ತೆತ್ತರು. ಯಂತ್ರವೇ ಅವುಗಳನ್ನು ಹುಟ್ಟಿಸಿತ್ತು. ಈ ಮೊಕದ್ದಮೆಗಳು ನಿಜವೇ ಎಂದು ಕೇಳಿದ್ದೂ ಅದೇ ಯಂತ್ರವನ್ನು. ಮೊಹರು ನಿಜವೇ ಎಂದು ಮೊಹರನ್ನೇ ಕೇಳಿದ ಹಾಗಾಯಿತು.

ಹಾಗೆಂದು ಮಗುವಿನ ಕೈಯಿಂದ ಫೋನು ಕಿತ್ತುಕೊಂಡರೆ ನಷ್ಟ ಯಾರಿಗೆ? ನನ್ನ ಕಾಲದಲ್ಲಿ ಶೇರ್ವಾನಿಯವರ ಪುಸ್ತಕ ನೋಡಬೇಕೆಂದರೆ ಹೈದರಾಬಾದಿಗೆ ಬಸ್ಸು ಹತ್ತಿ, ಗ್ರಂಥಾಲಯದವರಿಗೆ ಪರಿಚಯದ ಚೀಟಿ ಕೊಟ್ಟು ಕಾಯಬೇಕಿತ್ತು. ಇವತ್ತು ಅಂಥ ಹಳೆಯ ಪುಸ್ತಕಗಳ ಪುಟಗಳು ಅಡುಗೆಮನೆಯಲ್ಲಿ ಕೂತವಳ ಕೈಗೆ ಬರುತ್ತವೆ. ಉರ್ದು, ಕನ್ನಡ, ಇಂಗ್ಲಿಷ್ ಮೂರೂ ಬರುವ ನಮ್ಮ ಮಕ್ಕಳಿಗೆ ಒಂದು ಸುದ್ದಿಯನ್ನು ಮೂರು ಕಡೆ ಕೇಳಿ ನೋಡುವ ಅನುಕೂಲವಿದೆ. ಆದರೆ ಅದನ್ನು ಕಲಿಸುವವರು ಬೇಕು. ಎಪ್ಪತ್ತು ಪ್ರಾಜೆಕ್ಟುಗಳನ್ನು ಒಂದು ರಾತ್ರಿಯಲ್ಲಿ ನೋಡಬೇಕಾದ ಉಪಾಧ್ಯಾಯರು ಅಂಟಿಸಿದ ಚಿತ್ರಕ್ಕೆ ಅಂಕ ಕೊಡದೆ ಏನು ಮಾಡಿಯಾರು? ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಇರುವ ನಾವಾದರೂ ಒಂದು ಸಂಜೆ ಕೂರಬಹುದು.

ಹಾಗೆ ಕೂತೆವು. ಮದ್ರಸ ಕಟ್ಟಿದ ವರ್ಷ 1472 ಎಂದು ಆಕೆ ಬರೆದಿದ್ದಳು. ಯಾರು ಹೇಳಿದ್ದು ಎಂದು ಮತ್ತೆ ಕೇಳಿದಾಗ ಮುಖ ಸಣ್ಣದಾಯಿತು. ಆಗ ಅಬ್ಜದ್ ಲೆಕ್ಕ ಹೇಳಿಕೊಟ್ಟೆ. ಅರಬಿಯ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ. ನಮ್ಮ ಕಡೆಯ ಕಟಪಯಾದಿಯ ಹಾಗೆ. ಅಲಿಫ್ ಒಂದು, ಬೇ ಎರಡು, ನೂನ್ ಐವತ್ತು. ಮದ್ರಸ ಮುಗಿದಾಗ ಸಾಮಿ ಎಂಬ ಕವಿ ಅದರ ವರ್ಷವನ್ನು ಕುರ್‌ಆನಿನ ಮೂರು ಪದಗಳಲ್ಲಿ ಕಂಡನೆಂದು ಫೆರಿಶ್ತಾ ಬರೆದಿದ್ದಾನೆ. ಇಬ್ರಾಹೀಮ್(ಅ) ಮತ್ತು ಇಸ್ಮಾಈಲ್(ಅ) ಕಅಬಾದ ಗೋಡೆ ಎತ್ತುತ್ತ, ಇದನ್ನು ಸ್ವೀಕರಿಸೆಂದು ಬೇಡಿಕೊಂಡ ಪದಗಳವು. ಹುಡುಗಿಗೆ ಬಾಯಿಪಾಠವಿತ್ತು. ಕಾಗದದ ಮೇಲೆ ಬರೆದು ಕೂಡಿದಳು. ಮೊದಲ ಪದ 205, ಎರಡನೆಯದು 532, ಮೂರನೆಯದು 91. ಒಟ್ಟು 828.

ನಾನು ಸುಮ್ಮನಿದ್ದೆ. ಫೋನು ತೆಗೆದು ಹಿಜರಿ 828 ಯಾವ ಇಸವಿ ಎಂದು ಹುಡುಕಿದಳು. 1424-25 ಎಂದು ಬಂತು. ಸ್ವಲ್ಪ ಹೊತ್ತು ತನ್ನದೇ ಮೊದಲ ಪುಟವನ್ನು ನೋಡಿದಳು.

"ಮಾಮು, ಆಗ ಗವಾನ್ ಬೀದರಿಗೆ ಬಂದೇ ಇರಲಿಲ್ಲ."

ಮತ್ತೆ ಪದಗಳನ್ನು ನೋಡಿದಳು. ಮೊದಲ ಪದದಲ್ಲಿ ಮೇಲಿರಬೇಕಾದ ನುಖ್ತಾ ಅವಸರದಲ್ಲಿ ಕೆಳಗೆ ಬಿದ್ದಿತ್ತು. ನೂನ್ ಬೇ ಆಗಿ ಐವತ್ತರ ಜಾಗದಲ್ಲಿ ಎರಡು ಬಂದಿತ್ತು. 205 ಅಳಿಸಿ 253 ಮಾಡಿದಳು. ಮೊತ್ತ 876. ಅದು 1471-72. ಪ್ರಾಜೆಕ್ಟಿನ 1472ರ ಪಕ್ಕದಲ್ಲಿ, ಅಂಚಿನ ಖಾಲಿ ಜಾಗದಲ್ಲಿ, ಈ ಮೂರು ಸಂಖ್ಯೆಗಳ ಕೂಡುವ ಲೆಕ್ಕವನ್ನು ಪೆನ್ಸಿಲಿನಿಂದ ಬರೆದು, ಕೆಳಗೆ ಫೆರಿಶ್ತಾನ ಹೆಸರನ್ನೂ ಅದರ ಕೆಳಗೆ ತನ್ನ ಹೆಸರನ್ನೂ ಬರೆದಳು. ಹುಟ್ಟಿದ ವರ್ಷದ ಮುಂದೆ ಮಾತ್ರ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಚಹಾ ಕೇಳಲು ಒಳಗೆ ಹೋದಳು.