ಕೇಳಿದ್ದು ಹೈಸ್ಕೂಲು, ಉಳಿಸಿದ್ದು ವಿಶ್ವವಿದ್ಯಾಲಯ

ಇವತ್ತು ನಾನು ಹೇಳ್ತಿರೋದು ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದ ಕಥೆ. 1998ರಲ್ಲಿ ಸೌತ್ ಕಿಂಗ್ಸ್‌ಟೌನ್ ಹೈಸ್ಕೂಲಿನ ವಿದ್ಯಾರ್ಥಿಗಳು ತಮ್ಮ ರಾಜ್ಯದ ಹಿರಿಯರ ಮುಂದೆ ಕೂತು 1968ರ ನೆನಪು ಕೇಳಿದರು. ವಿಯೆಟ್ನಾಂ ಯುದ್ಧ ನಡೀತಿದ್ದ, ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದ ವರ್ಷ ಅದು. ಬ್ರೌನ್ ವಿಶ್ವವಿದ್ಯಾಲಯ ಕೈಜೋಡಿಸಿತು. ಧ್ವನಿಮುದ್ರಣ, ಅದರ ಬರಹರೂಪ, ಸಂಪಾದಿಸಿದ ಕಥೆಗಳು ಎಲ್ಲವೂ ಜಾಲತಾಣ ಸೇರಿದವು.

ನನಗೆ ಮುಖ್ಯ ಅನಿಸೋದು ಈ ಜೋಡಿ. ಪಠ್ಯಪುಸ್ತಕದಲ್ಲಿ ಹೆಸರಿಲ್ಲದವರ ಮಾತು ಕೇಳೋಕೆ ಊರಿನ ಮಕ್ಕಳೇ ಬೇಕು. ಆದರೆ ಮಕ್ಕಳು ಪಾಸಾಗಿ ಹೋಗ್ತಾರೆ, ಕಾಪಾಡೋಕೆ ದೊಡ್ಡ ಸಂಸ್ಥೆಯೇ ಬೇಕು. ಈಗ ಅಜ್ಜಿಯ ಮಾತನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡೋದು ಸುಲಭ. ಮೊಬೈಲ್ ಬದಲಾದ ಮೇಲೆ ಆ ದನಿ ಯಾರ ಹತ್ರ ಇರುತ್ತೆ? ಅದನ್ನ ಇವತ್ತೇ ಯೋಚಿಸಬೇಕು.